ಕೆಂಪು ಸಾಸಿನಲ್ಲಿ ಮೈದಾ ಇಲ್ಲ ಎಂದು ನಾನು ಉತ್ತರಿಸಿದ ರಾತ್ರಿ

ಬೆಂಗಳೂರಿನ ಒಂದು ಇಟಾಲಿಯನ್ ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಸಾಸ್ ವಿಭಾಗದ ಹೊಣೆ ಹೊತ್ತು ನನಗೆ ಆಗ ನಾಲ್ಕು ವರ್ಷಗಳಾಗಿದ್ದವು. ಒಂದು ಶನಿವಾರ ರಾತ್ರಿ ಎಂಟೂವರೆಯ ಹೊತ್ತಿಗೆ, ಎಲ್ಲ ಬರ್ನರ್‌ಗಳೂ ಉರಿಯುತ್ತಿದ್ದಾಗ, ಬಡಿಸುವ ಹುಡುಗ ಒಳಗೆ ಬಂದು, ‘ಶೆಫ್, ಏಳನೇ ಟೇಬಲ್‌ನಲ್ಲಿ ಒಂದು ಮಗುವಿಗೆ ಗೋಧಿ ಆಗಲ್ಲವಂತೆ. ರೈಸ್ ಪಾಸ್ತಾ ಹೇಳಿದ್ದಾರೆ. ನಮ್ಮ ರೆಡ್ ಸಾಸಿಗೆ ಮೈದಾ ಬೀಳುತ್ತಾ ಅಂತ ಅವರಮ್ಮ ಕೇಳ್ತಿದ್ದಾರೆ’ ಎಂದ. ‘ಇಲ್ಲ, ಒಂದು ಚೂರೂ ಬೀಳಲ್ಲ ಅಂತ ಹೇಳು’ ಎಂದೆ. ಕೇಳಿದ ಪ್ರಶ್ನೆಗೆ ಅದು ಸರಿಯಾದ ಉತ್ತರವೇ ಆಗಿತ್ತು. ಆ ತಾಯಿಗೆ ಬೇಕಾಗಿದ್ದ ಉತ್ತರ ಮಾತ್ರ ಅದಾಗಿರಲಿಲ್ಲ.

ಅವರು ರಾಜಸ್ಥಾನದಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಜೈನ ಕುಟುಂಬದವರು. ಹಾಗಾಗಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ್ ರೆಡ್ ಸಾಸಿನಲ್ಲಿಯೇ ಪಾಸ್ತಾ ಕಲಸಿ ಕಳುಹಿಸಿದೆವು. ಅಕ್ಕಿಯ ಪಾಸ್ತಾವನ್ನು ಬೇರೆಯದೇ ಪಾತ್ರೆಯಲ್ಲಿ, ಬೇರೆ ನೀರಿನಲ್ಲಿ ಬೇಯಿಸಿದ್ದೆವಾದ್ದರಿಂದ ಎಲ್ಲ ಎಚ್ಚರವನ್ನೂ ವಹಿಸಿದ್ದೇವೆಂಬ ಸಮಾಧಾನ ನನಗಿತ್ತು. ಮರುದಿನ ಬೆಳಿಗ್ಗೆ ಆ ತಾಯಿ ಫೋನ್ ಮಾಡಿ, ನಡುರಾತ್ರಿಯಿಂದ ಮಗಳಿಗೆ ಹೊಟ್ಟೆನೋವು, ವಾಂತಿ ಶುರುವಾಗಿ ಬೆಳಗಿನವರೆಗೂ ನಿಂತಿಲ್ಲವೆಂದು ಮ್ಯಾನೇಜರಿಗೆ ತಿಳಿಸಿದರು. ನಾನೇ ಮರಳಿ ಫೋನ್ ಮಾಡಿದಾಗ ಅವರು ಒಂದು ಗಡುಸಾದ ಮಾತನ್ನೂ ಆಡಲಿಲ್ಲ. ಯಾವ ವಸ್ತುವಿನಿಂದ ಹೀಗಾಯಿತೆಂದು ಗೊತ್ತಾದರೆ ಮುಂದೆ ಮನೆಯಲ್ಲಿಯೂ ಹೊರಗೂ ಜಾಗ್ರತೆಯಿಂದ ಇರಬಹುದು, ಅಷ್ಟನ್ನು ಹುಡುಕಿ ಹೇಳಿ ಎಂದು ಕೇಳಿಕೊಂಡರು. ಅವರು ಬೈದಿದ್ದರೆ ನಾನು ಇಷ್ಟು ಆಳವಾಗಿ ಹುಡುಕುತ್ತಿದ್ದೆನೋ ಇಲ್ಲವೋ.

ಆ ಹುಡುಗಿಗೆ ಇದ್ದದ್ದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದೊಡನೆ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡವುವ ಕಾಯಿಲೆ ಅದು. ಜೀವನಪೂರ್ತಿ ಗ್ಲುಟೆನ್ ಬಿಡುವುದೇ ಅದಕ್ಕಿರುವ ಚಿಕಿತ್ಸೆ. ಕರಾವಳಿಯ ಅನ್ನದ ಊರಿನಲ್ಲಿ ಬೆಳೆದ ನಾನು ಅಂಥವರೊಬ್ಬರನ್ನೂ ಅಲ್ಲಿಯವರೆಗೆ ಕಂಡಿರಲಿಲ್ಲ. ದೇಶದ ಬೇರೆಬೇರೆ ಭಾಗಗಳ ವಯಸ್ಕರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಉತ್ತರ ಭಾರತದಲ್ಲಿ ಈ ಕಾಯಿಲೆಯ ಪ್ರಮಾಣ ಶೇ. 1.23 ಇದ್ದರೆ ದಕ್ಷಿಣದಲ್ಲಿ ಶೇ. 0.10 ಮಾತ್ರ. ನಮ್ಮ ಕಡೆಯ ಅಡುಗೆಯವರಿಗೆ ಇದು ಕಣ್ಣಿಗೆ ಬೀಳದಿರಲು ಇದೂ ಒಂದು ಕಾರಣವಿರಬೇಕು. ಆದರೆ ಬೆಂಗಳೂರಿನ ಮೇಜುಗಳಿಗೆ ದೇಶದ ಎಲ್ಲ ಭಾಗದವರೂ ಬಂದು ಕೂರುತ್ತಾರೆ.

ಸೋಮವಾರ ರೆಸ್ಟೋರೆಂಟಿಗೆ ರಜೆ. ಆ ಮಧ್ಯಾಹ್ನ ಒಬ್ಬನೇ ಹೋಗಿ, ಶನಿವಾರ ಆ ಬಾಣಲೆಗೆ ಬಿದ್ದಿದ್ದ ಪ್ರತಿಯೊಂದು ವಸ್ತುವನ್ನೂ ಸ್ಟೀಲ್ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಟೊಮೆಟೊ, ಆಲಿವ್ ಎಣ್ಣೆ, ಉಪ್ಪು, ತುಳಸಿಯ ಜಾತಿಯ ಬೇಸಿಲ್ ಎಲೆ, ಒಣಮೆಣಸಿನ ಚೂರು. ಕೊನೆಯಲ್ಲಿ ಇಂಗಿನ ಡಬ್ಬಿ. ಬೆಳ್ಳುಳ್ಳಿ ಹಾಕದ ಸಾಸಿಗೆ ಎಣ್ಣೆಯಲ್ಲಿ ಒಂದು ಚಿಟಿಕೆ ಇಂಗು ಕರಗಿಸಿದರೆ ಆ ಘಮ ಬೆಳ್ಳುಳ್ಳಿಯ ಕೊರತೆಯನ್ನು ತುಂಬಿಕೊಡುತ್ತದೆ ಎಂಬುದು ನಾನೇ ಕಂಡುಕೊಂಡು ಹೆಮ್ಮೆಪಟ್ಟಿದ್ದ ಉಪಾಯ. ಡಬ್ಬಿಯನ್ನು ತಿರುಗಿಸಿ ಅಂಟಿಸಿದ್ದ ಚೀಟಿ ಓದಿದೆ. ಖಾದ್ಯ ಗೋಂದು, ಗೋಧಿ ಹಿಟ್ಟು, ಇಂಗು ಎಂದು ಬರೆದಿತ್ತು. ಅಪ್ಪಟ ಇಂಗು ಅಂಟಂಟಾದ, ತೀಕ್ಷ್ಣ ವಾಸನೆಯ ರಾಳವಾದ್ದರಿಂದ ಅದನ್ನು ಹಾಗೆಯೇ ಬಳಸುವುದು ಕಷ್ಟ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಗೋಂದಿನ ಜೊತೆಗೆ ಗೋಧಿ ಹಿಟ್ಟನ್ನೋ ಮೈದಾವನ್ನೋ, ಕೆಲವು ತಯಾರಕರು ಅಕ್ಕಿ ಹಿಟ್ಟನ್ನೋ ಬೆರೆಸಿರುತ್ತಾರೆ. ನಮ್ಮ ಅಮ್ಮಂದಿರು ದಿನವೂ ಒಗ್ಗರಣೆಗೆ ಹಾಕುವ ಈ ವಸ್ತುವಿನಲ್ಲಿ ಹಿಟ್ಟು ಇರುತ್ತದೆಂಬುದು ವೃತ್ತಿಯ ಅಡುಗೆಯವನಾದ ನನಗೇ ಗೊತ್ತಿರಲಿಲ್ಲ.

ಹುಡುಕಾಟ ಅಲ್ಲಿಗೆ ನಿಲ್ಲಲಿಲ್ಲ. ಶನಿವಾರ ರಾತ್ರಿ ನನ್ನ ಕೈ ಏನೇನು ಮಾಡಿತ್ತೆಂಬುದನ್ನು ಖಾಲಿ ಬಾಣಲೆ ಹಿಡಿದು ಮೊದಲಿನಿಂದ ಮಾಡಿ ನೋಡಿದೆ. ಸಾಸ್ ಬಿಸಿಯಾಗುತ್ತದೆ, ಬೆಂದ ಪಾಸ್ತಾ ಬೀಳುತ್ತದೆ, ಬಲಗೈ ಸೌಟನ್ನು ಹಿಡಿದು ಎಡಕ್ಕಿರುವ ದೊಡ್ಡ ಪಾಸ್ತಾ ಬಾಯ್ಲರಿನಿಂದ ಒಂದು ಸೌಟು ನೀರನ್ನು ತಂದು ಬಾಣಲೆಗೆ ಸುರಿಯುತ್ತದೆ. ಪಾಸ್ತಾ ಬೆಂದ ನೀರಿನಲ್ಲಿ ಕರಗಿರುವ ಪಿಷ್ಟವೇ ಎಣ್ಣೆಯನ್ನೂ ಟೊಮೆಟೊ ರಸವನ್ನೂ ಬೆಸೆದು ಸಾಸಿಗೆ ಹೊಳಪು ಕೊಡುವುದು. ಈ ಕಸುಬಿಗೆ ಬಂದವನಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೂ ಒಂದು. ಆದರೆ ಆ ಬಾಯ್ಲರಿನ ನೀರಿನಲ್ಲಿ ಸಂಜೆ ಆರರಿಂದಲೂ ಗೋಧಿಯ ಪೆನ್ನೆ, ಗೋಧಿಯ ಸ್ಪಗೆಟಿ ಬೇಯುತ್ತಿದ್ದವು. ಅಕ್ಕಿಯ ಪಾಸ್ತಾಕ್ಕೆ ಬೇರೆ ಪಾತ್ರೆ ಇಟ್ಟ ನಾನೇ, ಕೊನೆಯ ಗಳಿಗೆಯಲ್ಲಿ, ಅಭ್ಯಾಸದ ಬಲದಿಂದ ಗೋಧಿಯ ನೀರನ್ನು ಅದರ ಮೇಲೆ ಸುರಿದಿದ್ದೆ. ಇಂಗಿನ ವಿಷಯದಲ್ಲಿ ನನಗೆ ತಿಳಿದಿರಲಿಲ್ಲ ಎನ್ನಬಹುದು; ನೀರಿನ ವಿಷಯದಲ್ಲಿ ಹಾಗೆ ಹೇಳಲು ನನಗೆ ಬಾಯಿಲ್ಲ.

ಇಷ್ಟು ಅಲ್ಪ ಪ್ರಮಾಣದಿಂದ ಏನಾದೀತು ಎಂದು ನನ್ನ ಜೊತೆಗಾರರೇ ಕೇಳಿದ್ದರಿಂದ ಲೆಕ್ಕವನ್ನು ಬರೆದು ತೋರಿಸಿದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ‘ಗ್ಲುಟೆನ್ ಮುಕ್ತ’ ಎನ್ನಿಸಿಕೊಳ್ಳುವ ಆಹಾರದಲ್ಲಿ ಪ್ರತಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ. ಯುರೋಪಿನಲ್ಲಿಯೂ ಮಿತಿ ಅಷ್ಟೇ. ಅಂದರೆ 250 ಗ್ರಾಂ ತೂಗುವ ಒಂದು ತಟ್ಟೆ ಪಾಸ್ತಾಕ್ಕೆ 5 ಮಿಲಿಗ್ರಾಂ. ಒಂದು ಗ್ರಾಂ ಮೈದಾದಲ್ಲಿಯೇ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಹಾಗಾದರೆ ಕಾಲು ಗ್ರಾಂ ಹಿಟ್ಟು, ಬೆರಳ ತುದಿಗೆ ಅಂಟುವಷ್ಟು, ಆ ಮಿತಿಯನ್ನು ನಾಲ್ಕು ಪಟ್ಟು ದಾಟಿಸುತ್ತದೆ. ಕುದಿಸಿದರೂ ಹುರಿದರೂ ಗ್ಲುಟೆನ್ ನಾಶವಾಗುವುದಿಲ್ಲ.

ಅಂದಿನಿಂದ ನಮ್ಮ ಕೆಂಪು ಸಾಸನ್ನು ಹೊಸದಾಗಿ ಕಟ್ಟಿದೆ. ನಮಗೆ ಬರುವುದು ಕೋಲಾರದ ಎಪಿಎಂಸಿಯ ಟೊಮೆಟೊ. ದೂರದ ಸಾಗಾಟವನ್ನು ತಡೆದುಕೊಳ್ಳುವ ಆ ಹಣ್ಣಿಗೆ ಹುಳಿಯೂ ನೀರೂ ಹೆಚ್ಚು, ಇಟಲಿಯ ಸಾನ್ ಮಾರ್ಜಾನೊ ತಳಿಯ ದಪ್ಪ ತಿರುಳು ಅದಕ್ಕಿಲ್ಲ. ಸಾಸ್ ತೆಳುವಾಯಿತೆಂದು ಹಿಟ್ಟು ಹಾಕುವ ಮನಸ್ಸಾಗುವುದು ಇಲ್ಲಿಯೇ. ಅದಕ್ಕೆ ಬದಲಾಗಿ ಹಣ್ಣನ್ನು ಅರ್ಧಕ್ಕೆ ಕೊಯ್ದು, ಬೀಜದ ರಸವನ್ನು ಬೇರೆ ತೆಗೆದು, ತಿರುಳನ್ನು ಓವನ್ನಿನಲ್ಲಿ ಅಂಚು ಕಂದುವವರೆಗೆ ಸುಡುತ್ತೇವೆ. ಬೇರೆ ತೆಗೆದ ರಸವನ್ನು ಅಗಲವಾದ ಬಾಣಲೆಯಲ್ಲಿ ಕಾಲು ಭಾಗಕ್ಕೆ ಇಳಿಯುವವರೆಗೆ ಕುದಿಸಿ ಸುಟ್ಟ ತಿರುಳಿಗೆ ಸೇರಿಸುತ್ತೇವೆ. ಐದು ಕಿಲೋ ಹಣ್ಣಿನಿಂದ ಎರಡು ಕಿಲೋದಷ್ಟು ಸಾಸ್ ಸಿಗುತ್ತದೆ. ಖರ್ಚು ಹೆಚ್ಚು, ಆದರೆ ಯಾವ ಹಿಟ್ಟಿನ ನೆರವೂ ಬೇಡ. ಜೈನರು ಕ್ಯಾರೆಟ್ಟನ್ನೂ ತಿನ್ನದ ಕಾರಣ ಸಿಹಿಗಾಗಿ ಒಂದು ಹೋಳು ಸಿಹಿಗುಂಬಳವನ್ನು ಜೊತೆಯಲ್ಲೇ ಸುಡುತ್ತೇವೆ. ಅಕ್ಕಿ ಹಿಟ್ಟು ಬೆರೆಸಿದ, ಗ್ಲುಟೆನ್ ಮುಕ್ತವೆಂದು ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರುವ ಇಂಗು ಸಿಕ್ಕರೆ ಮಾತ್ರ ಇಂಗು.

ಬಿಳಿ ಸಾಸ್ ಇದಕ್ಕಿಂತ ಕಠಿಣ, ಏಕೆಂದರೆ ಬೆಣ್ಣೆಯಲ್ಲಿ ಹುರಿದ ಮೈದಾವೇ ಅದರ ಬುನಾದಿ. ಆಲೂಗಡ್ಡೆಯ ಪಿಷ್ಟ ಜೈನರಿಗೆ ಸಲ್ಲದು. ಬರಿಯ ಕಾರ್ನ್‌ಫ್ಲೋರ್ ಹಾಕಿದರೆ ಮೈದಾದ ಅರ್ಧದಷ್ಟು ಸಾಕಾಗುತ್ತದೆ, ಬಾಯಿಗೆ ಮಾತ್ರ ಕಸ್ಟರ್ಡಿನಂತೆ ಜಾರುತ್ತದೆ, ಮೇಲಾಗಿ ಹೆಚ್ಚು ಹೊತ್ತು ಬಿಸಿಯಲ್ಲಿಟ್ಟರೆ ನೀರಾಗುತ್ತದೆ. ಹಲವು ವಾರ ಮಾಡಿ ನೋಡಿದ ಮೇಲೆ ನಾನು ನಿಂತಿರುವ ಅಳತೆ ಹೀಗಿದೆ: ಒಂದು ಲೀಟರ್ ಹಾಲಿಗೆ 50 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ನುಣುಪಾದ ಅಕ್ಕಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವವರೆಗೆ ಹುರಿದು, ಹಾಲು ಬೆರೆಸಿ ಹತ್ತು ನಿಮಿಷ ಕುದಿಸಿ, ಕೊನೆಯಲ್ಲಿ ತಣ್ಣನೆಯ ಹಾಲಿನಲ್ಲಿ ಕದಡಿದ 10 ಗ್ರಾಂ ಕಾರ್ನ್‌ಫ್ಲೋರ್ ಸೇರಿಸಿ ಒಂದು ಕುದಿ ಬಂದೊಡನೆ ಇಳಿಸುವುದು. ಈ ಅಕ್ಕಿ ಹಿಟ್ಟನ್ನು ಬೀದಿಯ ಗಿರಣಿಯಲ್ಲಿ ಹಾಕಿಸಿಕೊಂಡು ಬಂದರೆ ಪಟ್ಟ ಶ್ರಮವೆಲ್ಲ ವ್ಯರ್ಥ, ಏಕೆಂದರೆ ನಮ್ಮ ಮುಂಚೆ ಸರದಿಯಲ್ಲಿದ್ದವರ ಗೋಧಿ ಅದೇ ಕಲ್ಲಿನಲ್ಲಿ ಬೀಸಲ್ಪಟ್ಟಿರುತ್ತದೆ. ಆಸ್ಟ್ರೇಲಿಯಾದಲ್ಲಿರುವ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು: ಅಲ್ಲಿ ಕಾರ್ನ್‌ಫ್ಲೋರ್ ಎಂಬ ಹೆಸರಿನಲ್ಲಿ ಗೋಧಿಯಿಂದ ತೆಗೆದ ಪಿಷ್ಟವೂ ಮಾರಾಟವಾಗುತ್ತದೆ.

ಬಾಟಲಿಯ ಸಾಸನ್ನು ಕೊಳ್ಳುವವರು ಮುಂಭಾಗದ ಚಿತ್ರವನ್ನು ಬಿಟ್ಟು ಹಿಂಭಾಗದ ಪಟ್ಟಿಯನ್ನು ಓದಬೇಕು. ಗೋಧಿ ಹಿಟ್ಟು, ಮೈದಾ, ರವೆಯಷ್ಟೇ ಅಲ್ಲ. ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ, ಮಾಲ್ಟ್ ವಿನೆಗರ್ ಬಾರ್ಲಿಯಿಂದ ಬರುತ್ತದೆ, ರುಚಿಗೆ ಹಾಕುವ ಸ್ಟಾಕ್ ಕ್ಯೂಬುಗಳಲ್ಲಿ ಕೆಲವಕ್ಕೆ ಹಿಟ್ಟು ಸೇರಿರುತ್ತದೆ. ಗೋಧಿಯ ಹೆಸರೇ ಇಲ್ಲ ಎಂಬುದಕ್ಕಿಂತ ಗ್ಲುಟೆನ್ ಮುಕ್ತ ಎಂಬ ಸ್ಪಷ್ಟ ಘೋಷಣೆ ನನಗೆ ಹೆಚ್ಚು ಭರವಸೆಯದು.

ನಮ್ಮಲ್ಲಿ ಈಗ ಗ್ಲುಟೆನ್ ಬೇಡ ಎಂಬ ಆರ್ಡರ್ ಬಂದರೆ ಅಡುಗೆಮನೆಗೆ ಬರುವ ಆರ್ಡರ್ ಚೀಟಿಯ (ಕೆಒಟಿ) ಮೇಲೆ ಕೆಂಪು ಶಾಯಿಯಲ್ಲಿ ಗುರುತು ಬೀಳುತ್ತದೆ. ಅದಕ್ಕೆಂದೇ ಇಟ್ಟಿರುವ ಪಾತ್ರೆ, ಸೌಟು, ಬಾಣಲೆ, ಜರಡಿಗಳು ಮುಚ್ಚಳದ ಪೆಟ್ಟಿಗೆಯಲ್ಲಿವೆ. ಜರಡಿಯ ಸಂದುಗಳನ್ನೂ ಮರದ ಸೌಟಿನ ಬಿರುಕುಗಳನ್ನೂ ಎಷ್ಟು ತೊಳೆದರೂ ನಂಬುವಂತಿಲ್ಲವಾದ್ದರಿಂದ ಹಳೆಯವನ್ನು ಇದಕ್ಕೆ ಬಳಸುವುದಿಲ್ಲ. ಸಾಸಿಗೆ ಸುರಿಯುವ ನೀರು ಆ ಅಕ್ಕಿ ಪಾಸ್ತಾ ಬೆಂದ ನೀರೇ ಆಗಿರಬೇಕು. ಆ ಚೀಟಿ ಹಿಡಿದವನು ಅದು ಮುಗಿಯುವವರೆಗೆ ಬೇರೆ ಬಾಣಲೆ ಮುಟ್ಟುವುದಿಲ್ಲ. ಆ ತಾಯಿಗೆ ಇಂಗು, ನೀರು ಎರಡರ ವಿಷಯವನ್ನೂ ತಿಳಿಸಿದ ದಿನ ಅವರು ಅಡುಗೆಮನೆಯ ಇಂಗಿನ ಡಬ್ಬಿಯನ್ನು ಫೋನ್ ಹಿಡಿದೇ ತೆಗೆದು ಓದಿದರು. ಅವರ ಮನೆಯದರಲ್ಲಿಯೂ ಗೋಧಿ ಹಿಟ್ಟಿತ್ತು. ಅಕ್ಕಿ ಹಿಟ್ಟಿನ ಬಿಳಿ ಸಾಸ್ ಹೆಚ್ಚು ಹೊತ್ತು ನಿಲ್ಲದ ಕಾರಣ ಆರ್ಡರ್ ಬಂದ ಮೇಲೆಯೇ ಮಾಡಬೇಕು, ಅದಕ್ಕೆ ಮೀಸಲಾದ ಬರ್ನರ್ ಬೇಕು, ಒಬ್ಬ ಮನುಷ್ಯ ಬೇಕು. ಶನಿವಾರದ ರಾತ್ರಿ ಅವೆರಡೂ ನಮ್ಮಲ್ಲಿ ಇರುವುದಿಲ್ಲ. ಆ ಹೊತ್ತಿನಲ್ಲಿ ಬಿಳಿ ಸಾಸ್ ಕೇಳಿದವರ ಮೇಜಿಗೆ ನಾನೇ ಹೋಗಿ, ಇವತ್ತು ಕೊಡಲಾಗುವುದಿಲ್ಲ, ಕೆಂಪು ಸಾಸಾದರೆ ಅರ್ಧ ಗಂಟೆ ಕಾಯಬೇಕಾಗುತ್ತದೆ ಎಂದು ಹೇಳಿ ಬರುತ್ತೇನೆ.