ದಿನಕ್ಕಿಷ್ಟು ಅಂತ ಕೊಟ್ಟು ಆಡೋದಾ, ಆಟವನ್ನೇ ಕೊಳ್ಳೋದಾ?

ವಿಡಿಯೋ ಗೇಮ್ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಇದು: "ಒಂದೊಂದು ಆಟಕ್ಕೆ ಅಷ್ಟೊಂದು ದುಡ್ಡು ಯಾಕೆ ಸುರಿಯಬೇಕು? ಆಡಿದ ದಿನಕ್ಕೆ ಮಾತ್ರ ಇಷ್ಟು ಅಂತ ಕೊಟ್ಟರೆ ಆಗಲ್ವಾ?" ಮಕ್ಕಳಿಗೆ ಆಟ ಕೊಡಿಸಬೇಕಾದ ಅಪ್ಪ ಅಮ್ಮಂದಿರು ಕೇಳುತ್ತಾರೆ. ಬಹಳ ವರ್ಷದ ಮೇಲೆ ಮತ್ತೆ ಆಡಲು ಕೂತವರೂ ಕೇಳುತ್ತಾರೆ. ಪ್ರತಿ ಸಲ ಅರ್ಧಂಬರ್ಧ ಹೇಳಿ ಮುಗಿಸುವ ಬದಲು ಇಲ್ಲಿ ಪೂರ್ತಿ ಬರೆಯುತ್ತೇನೆ.

ದಿನದ ಬಾಡಿಗೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ನೇರವಾದ ವ್ಯವಹಾರ. ಇಷ್ಟು ಹೊತ್ತು ಆಡು, ಆಮೇಲೆ ಮುಗೀತು ಅಂತ ಮೊದಲೇ ಗೊತ್ತಿರುತ್ತದೆ. ಸಿಟ್ಟು ಬರುವುದು 'ಕೊಳ್ಳಿ' ಅಂತ ಬಟನ್ ಇಟ್ಟು, ಪೂರ್ತಿ ಬೆಲೆ ತಗೊಂಡು, ಒಳಗೊಳಗೇ ಬಾಡಿಗೆ ಕೊಡುವವರ ಮೇಲೆ. ಬಾಡಿಗೆ ಒಳ್ಳೇದಾ ಸ್ವಂತ ಒಳ್ಳೇದಾ ಅಂತ ಕೇಳುವ ಮೊದಲು, ಯಾವುದು ಬಾಡಿಗೆ ಯಾವುದು ಸ್ವಂತ ಅಂತ ಬಿಡಿಸಿ ನೋಡಬೇಕು.

ದಿನದ ಲೆಕ್ಕದ ದುಡ್ಡು ಎರಡು ಥರ. ಒಂದರಲ್ಲಿ ಆಟವನ್ನೇ ಬಾಡಿಗೆಗೆ ತಗೊಳ್ಳುತ್ತೀರಿ. 2010ರಲ್ಲಿ ಶುರುವಾದ, ಇಂಟರ್ನೆಟ್ ಮೂಲಕ ಆಟ ಆಡಿಸುವ ಆನ್‌ಲೈವ್ ಅನ್ನುವ ಸೇವೆಯಲ್ಲಿ 3 ದಿನದ ಪಾಸ್, 5 ದಿನದ ಪಾಸ್ ಇದ್ದವು. 2014ರಲ್ಲಿ ಅಂಥದ್ದೇ ಸೇವೆ, ಸೋನಿಯ ಪ್ಲೇಸ್ಟೇಷನ್ ನೌ ಬಂದಾಗ 4 ಗಂಟೆ, 7 ದಿನ, 30 ದಿನ, 90 ದಿನ ಅಂತ ಬೇರೆ ಬೇರೆ ಬಾಡಿಗೆ ಇತ್ತು. ಇನ್ನೊಂದರಲ್ಲಿ ಬಾಡಿಗೆಗೆ ಬರುವುದು ಯಂತ್ರ. ಎನ್ವಿಡಿಯಾದ ಜಿಫೋರ್ಸ್ ನೌ 2024ರಲ್ಲಿ 24 ಗಂಟೆಯ ಡೇ ಪಾಸ್ ತಂತು. ಎಲ್ಲೋ ದೂರದಲ್ಲಿರುವ ದೊಡ್ಡ ಕಂಪ್ಯೂಟರ್ ಒಂದು ದಿನದ ಮಟ್ಟಿಗೆ ನಿಮ್ಮದು. ದುಡ್ಡು ಕೊಟ್ಟು ಕೊಳ್ಳಬೇಕಾದ ಆಟವಾದರೆ ಅದನ್ನು ನೀವೇ ಬೇರೆ ಅಂಗಡಿಯಲ್ಲಿ ಕೊಂಡಿರಬೇಕು.

ಈ ಎರಡನೇ ಥರದ್ದು ನನಗೆ ಇಷ್ಟ. ಕಂಪ್ಯೂಟರ್‌ನಲ್ಲಿ ಆಟದ ಚಿತ್ರ ಮೂಡಿಸುವ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಶಕ್ತಿ ಎಲ್ಲರಿಗೂ ಇರಲ್ಲ. ಕೊಂಡರೂ ಅದು ಕೆಲವೇ ವರ್ಷದಲ್ಲಿ ಹಳೇದಾಗುತ್ತದೆ. ಒಳ್ಳೆ ಆಟಕ್ಕೆ ಆ ಥರ ವಯಸ್ಸಾಗಲ್ಲ. ಹಾಗಾಗಿ ಯಂತ್ರ ಬಾಡಿಗೆಯದ್ದಾದರೂ ಪರವಾಗಿಲ್ಲ, ಆಟ ನಮ್ಮದಾಗಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ದುಡ್ಡಿನ ಲೆಕ್ಕ. ಎಲ್ಲರೂ ಮಾಡುವುದು ಆಟದ ಬೆಲೆಯನ್ನು ದಿನದ ಬಾಡಿಗೆಯಿಂದ ಭಾಗಿಸುವುದು. ಇಪ್ಪತ್ತು ಅಂತ ಬಂದರೆ, ಇಪ್ಪತ್ತು ದಿನದೊಳಗೆ ಮುಗಿಸಿದರೆ ಲಾಭ ಅಂತ ತೀರ್ಮಾನ. ಇಲ್ಲಿ ಒಂದು ವಿಷಯ ತಪ್ಪಿಹೋಗುತ್ತದೆ. ಆಟದ ಉದ್ದವನ್ನು ನಾವು ಗಂಟೆಯಲ್ಲಿ ಅಳೆಯುತ್ತೇವೆ, ಬಾಡಿಗೆ ಓಡುವುದು ದಿನದಲ್ಲಿ. 40 ಗಂಟೆಯ ಆಟ ಅಂತ ಇಟ್ಟುಕೊಳ್ಳಿ. ರಜೆಯಲ್ಲಿ ದಿನಕ್ಕೆ 10 ಗಂಟೆ ಕೂರುವ ಹುಡುಗನಿಗೆ ಅದು 4 ದಿನದ ಬಾಡಿಗೆ. ಕೆಲಸ ಮುಗಿಸಿ, ಊಟ ಮಾಡಿ, ಮಲಗುವ ಮುಂಚೆ ಒಂದು ಗಂಟೆ ಆಡುವವರಿಗೆ 40 ದಿನದ ಬಾಡಿಗೆ. ಆಟ ಅದೇ, ಖರ್ಚು ಹತ್ತು ಪಟ್ಟು. ಸಮಯ ಕಮ್ಮಿ ಇರುವವರಿಗೇ ದಿನದ ಬಾಡಿಗೆ ಜಾಸ್ತಿ ಬೀಳುತ್ತದೆ. ಆದರೆ "ನನಗೆ ಆಡೋಕೆ ಟೈಮೇ ಇಲ್ಲ, ಅದಕ್ಕೆ ಬಾಡಿಗೆ ಸಾಕು" ಅನ್ನುವವರೂ ಹೆಚ್ಚಾಗಿ ಇವರೇ. ಅವರಿಗೆ ನಾನು ಹೇಳುವುದು, ನಿಮಗೇ ಕೊಳ್ಳುವುದು ಅಗ್ಗ, ಒಮ್ಮೆ ಕೂತು ಲೆಕ್ಕ ಹಾಕಿ ನೋಡಿ.

ದುಡ್ಡಿಗಿಂತ ದೊಡ್ಡ ವಿಷಯ ಬೇರೆ ಇದೆ. ಮೀಟರ್ ಓಡುತ್ತಿರುವಾಗ ನಾವು ಆಡುವ ರೀತಿಯೇ ಬದಲಾಗುತ್ತದೆ.

2019ರಲ್ಲಿ ಬಂದ ಔಟರ್ ವೈಲ್ಡ್ಸ್ ಅನ್ನುವ ಆಟ ನೋಡಿ. ಪುಟ್ಟ ಸೌರಮಂಡಲ, ಪುಟ್ಟ ನೌಕೆ. 22 ನಿಮಿಷ ಆದ ಮೇಲೆ ಸೂರ್ಯ ಸಿಡಿಯುತ್ತಾನೆ, ನೀವು ಮತ್ತೆ ಮೊದಲಿನ ಜಾಗದಲ್ಲಿ ಕಣ್ಣು ಬಿಡುತ್ತೀರಿ. ಗಳಿಸಿಟ್ಟುಕೊಳ್ಳಲು ಆಯುಧ ಇಲ್ಲ, ಅಂಕ ಇಲ್ಲ. ಹಿಂದಿನ ಸುತ್ತಿನಲ್ಲಿ ತಿಳಕೊಂಡದ್ದು ಮಾತ್ರ ಜೊತೆಗೆ ಬರುತ್ತದೆ. ಈ ಆಟದಲ್ಲಿ ದೂರದ ಸದ್ದು ಹಿಡಿಯುವ ಒಂದು ಸಾಧನ ಇದೆ. ಅದನ್ನು ಕತ್ತಲ ಆಕಾಶದ ಕಡೆ ಹಿಡಿದು ನಿಧಾನಕ್ಕೆ ತಿರುಗಿಸಿದರೆ ಒಂದು ಗ್ರಹದಿಂದ ಬ್ಯಾಂಜೋ ಕೇಳುತ್ತದೆ, ಇನ್ನೊಂದರಿಂದ ಕೊಳಲು, ಮತ್ತೊಂದು ಕಡೆಯಿಂದ ಹಾರ್ಮೋನಿಕಾ. ನಿಮ್ಮಂತೆಯೇ ಹೊರಟ ಪ್ರಯಾಣಿಕರು ಬೇರೆ ಬೇರೆ ಕಡೆ ಕೂತು ಒಂದೇ ರಾಗದ ತುಣುಕುಗಳನ್ನು ನುಡಿಸುತ್ತಿರುತ್ತಾರೆ. ಗ್ರಹಗಳು ಒಂದೇ ಸಾಲಿಗೆ ಬಂದಾಗ ಎರಡು ಮೂರು ವಾದ್ಯ ಕೂಡಿ ಕೇಳುತ್ತವೆ. ಹಾಗೆ ಕೇಳುತ್ತಾ ಕೂತರೆ ಯಾವ ಕೆಲಸವೂ ಮುಂದೆ ಹೋಗಲ್ಲ. ಆದರೆ ಆ ಆಟದ ಜೀವ ಇರುವುದೇ ಹಾಗೆ ಸುಮ್ನೆ ಕೂರುವುದರಲ್ಲಿ.

ಈಗ ಇದನ್ನೇ ನಾಳೆ ಸಂಜೆ ಮುಗಿಯುವ ಪಾಸ್‌ನಲ್ಲಿ ಆಡಿ. ಕೂರುತ್ತೀರಾ? ಕೂರಲ್ಲ. ದಾರಿ ಗೊತ್ತಾಗದೆ ಎರಡು ಸುತ್ತು ವ್ಯರ್ಥವಾದರೆ ಫೋನ್ ತೆಗೆದು ಉತ್ತರ ಹುಡುಕುತ್ತೀರಿ. ಉತ್ತರ ಒಮ್ಮೆ ಗೊತ್ತಾದರೆ ಅಲ್ಲಿಗೆ ಆಟವೇ ಮುಗಿದಂತೆ. ಒಂದೇ ಸಲ ಆಡುವ ಆಟಕ್ಕೆ ಬಾಡಿಗೆ ಸಾಕು ಅಂತ ತುಂಬಾ ಜನ ಹೇಳುತ್ತಾರೆ. ಇದು ಒಂದೇ ಸಲ ಆಡಬಹುದಾದ ಆಟ, ಆದರೂ ಬಾಡಿಗೆಗೆ ಒಗ್ಗಲ್ಲ. ಎಷ್ಟು ಸಲ ಆಡುತ್ತೀರಿ ಅಂತ ನಾನು ಕೇಳುವುದಿಲ್ಲ. ಆ ಆಟಕ್ಕೆ ನಿಧಾನ ಬೇಕಾ ಅಂತ ಕೇಳುತ್ತೇನೆ.

ದುಡ್ಡು ಕೊಡುವ ರೀತಿ ಆಡುವವರನ್ನಷ್ಟೇ ಅಲ್ಲ, ಆಟ ಮಾಡುವವರನ್ನೂ ಬದಲಾಯಿಸುತ್ತದೆ. ನಾಣ್ಯ ಹಾಕಿ ಆಡುವ ಆರ್ಕೇಡ್ ಕಾಲದಲ್ಲಿ ಬೇಗ ಸೋಲಿಸುವುದೇ ವ್ಯಾಪಾರ. 1985ರ ಗಾಂಟ್ಲೆಟ್ ಅನ್ನುವ ಆರ್ಕೇಡ್ ಆಟದಲ್ಲಿ ಇದು ಬರಿಗಣ್ಣಿಗೆ ಕಾಣುತ್ತದೆ. ಅದರಲ್ಲಿ ನಿಮ್ಮ ಪಾತ್ರದ ಆರೋಗ್ಯ ಒಂದು ಸಂಖ್ಯೆ. ಯಾರೂ ಹೊಡೆಯದೆ ಸುಮ್ನೆ ನಿಂತಿದ್ದರೂ ಆ ಸಂಖ್ಯೆ ಇಳಿಯುತ್ತಲೇ ಇರುತ್ತದೆ. ಇನ್ನೊಂದು ನಾಣ್ಯ ಹಾಕಿದರೆ ಏರುತ್ತದೆ. ಮೀಟರ್ ಅನ್ನು ಆಟದ ಒಳಗೇ ತಂದು ಕೂರಿಸಿದ್ದರು.

ಆಮೇಲೆ ಅಮೆರಿಕದಲ್ಲಿ ಕಾರ್ಟ್ರಿಜ್‌ಗಳನ್ನು, ಅಂದರೆ ಆಟ ತುಂಬಿದ ಪುಟ್ಟ ಡಬ್ಬಿಗಳನ್ನು, ವಾರಾಂತ್ಯಕ್ಕೆ ಬಾಡಿಗೆ ಕೊಡುವ ಅಂಗಡಿಗಳು ಬಂದವು. ಆಗ ಆಟಗಳು ಇನ್ನೊಂದು ಥರ ಬಾಗಿದವು. 1994ರ ಲಯನ್ ಕಿಂಗ್ ಆಟದ ಎರಡನೇ ಲೆವೆಲ್ ಇವತ್ತಿಗೂ ಕಷ್ಟಕ್ಕೆ ಹೆಸರುವಾಸಿ. ಚಿಕ್ಕ ಮಕ್ಕಳ ಆಟ ಅಂತ ತಂದವರು ಅಲ್ಲೇ ಸಿಕ್ಕಿಬೀಳುತ್ತಿದ್ದರು. ಬಾಡಿಗೆಗೆ ತಗೊಂಡವರು ಬೇಗ ಮುಂದೆ ಹೋಗಿಬಿಟ್ಟರೆ ಕೊಳ್ಳುವುದಿಲ್ಲ ಅಂತ ಅದನ್ನು ಬೇಕೆಂದೇ ಕಷ್ಟ ಮಾಡಿದ್ದು ಅಂತ ಆಟ ಮಾಡಿದ ವೆಸ್ಟ್‌ವುಡ್ ಸ್ಟುಡಿಯೋಸ್‌ನ ಲೂಯಿ ಕ್ಯಾಸಲ್ ಆಮೇಲೆ ಹೇಳಿದ್ದಾರೆ. ಬಾಡಿಗೆಯ ಸಹವಾಸಕ್ಕೇ ಹೋಗದೆ ಪೂರ್ತಿ ದುಡ್ಡು ಕೊಟ್ಟು ಕೊಂಡ ಮಗುವೂ ಆ ಕಷ್ಟ ಅನುಭವಿಸಬೇಕಾಯಿತು ಅನ್ನುವುದು ನನಗೆ ಬೇಸರದ ವಿಷಯ. ಇವತ್ತು ದಿನಾ ಬಂದು ಹೋದರೆ ಬಹುಮಾನ, ಒಂದು ದಿನ ತಪ್ಪಿಸಿದರೆ ಸರಪಳಿ ಕಟ್ ಅನ್ನುವ ಆಟಗಳೂ ಇದೇ ವಂಶದವು.

ಹಾಗಂತ ಕೊಂಡುಬಿಟ್ಟರೆ ಎಲ್ಲ ಸರಿ ಅಂತಲ್ಲ. ಕೊಳ್ಳುವುದು ಅಂದರೆ ಏನು ಅನ್ನುವುದೇ ಈಗ ಗೊಂದಲ.

ಯೂಬಿಸಾಫ್ಟ್‌ನ ದಿ ಕ್ರ್ಯೂ ಅನ್ನುವ ಕಾರ್ ಓಡಿಸುವ ಆಟ 2014ರ ಡಿಸೆಂಬರ್‌ನಲ್ಲಿ ಬಂತು. ಡಿಸ್ಕ್‌ನಲ್ಲೂ ಸಿಗುತ್ತಿತ್ತು. ಆದರೆ ಒಬ್ಬರೇ ಖಾಲಿ ರಸ್ತೆಯಲ್ಲಿ ಕಾರ್ ಓಡಿಸುವುದಿದ್ದರೂ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್, ಅಂದರೆ ಅವರ ದೊಡ್ಡ ಕಂಪ್ಯೂಟರ್, ಸಿಗಬೇಕಿತ್ತು. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಕೈಯಲ್ಲಿ ಡಿಸ್ಕ್ ಇದ್ದವರಿಗೂ ಆಟ ಹೋಯಿತು. ಇಷ್ಟಕ್ಕೇ ಬಿಡದೆ ಕೊಂಡವರ ಖಾತೆಯಿಂದ ಲೈಸೆನ್ಸ್, ಅಂದರೆ ಆಡುವ ಅನುಮತಿ, ಕೂಡ ತೆಗೆದರು. ಇದರಿಂದ ಕೆರಳಿ ರಾಸ್ ಸ್ಕಾಟ್ ಅನ್ನುವವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಚಳವಳಿ ಶುರು ಮಾಡಿದರು. ಮಾರಿದ ಆಟವನ್ನು ಸರ್ವರ್ ನಿಲ್ಲಿಸಿದ ಮೇಲೂ ಆಡುವ ಹಾಗೆ ಬಿಟ್ಟುಹೋಗಿ ಅನ್ನುವುದು ಅವರ ಬೇಡಿಕೆ. ಯುರೋಪಿಯನ್ ಒಕ್ಕೂಟದ ಮುಂದಿಟ್ಟ ಅರ್ಜಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದವು. ನನ್ನ ಪೂರ್ತಿ ಬೆಂಬಲ ಆ ಬೇಡಿಕೆಗೆ ಇದೆ. ಸರ್ವರ್ ಕೊನೆವರೆಗೂ ನಡೆಸಿ ಅಂತ ಯಾರೂ ಕೇಳುತ್ತಿಲ್ಲ. ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗಬೇಡಿ ಅಂತ ಅಷ್ಟೇ.

ಆನ್‌ಲೈವ್ ಕಥೆಯೂ ಹಾಗೇ. ಅಲ್ಲಿ 3 ದಿನದ ಪಾಸ್ ಜೊತೆಗೆ, ಪೂರ್ತಿ ಬೆಲೆ ಕೊಟ್ಟು ತಗೊಳ್ಳುವ ಪಾಸ್ ಕೂಡ ಇತ್ತು. 2015ರ ಏಪ್ರಿಲ್ 30ಕ್ಕೆ ಸೇವೆ ಮುಚ್ಚಿದಾಗ ಮೂರು ದಿನಕ್ಕೆ ಕೊಟ್ಟವರೂ ಪೂರ್ತಿ ಕೊಟ್ಟವರೂ ಆಟ ಕಳಕೊಂಡು ಒಂದೇ ಕಡೆ ನಿಂತಿದ್ದರು. ಗೂಗಲ್ ತನ್ನ ಅಂಥದ್ದೇ ಸೇವೆ ಸ್ಟೇಡಿಯಾವನ್ನು 2023ರ ಜನವರಿ 18ಕ್ಕೆ ಮುಚ್ಚಿದಾಗ ಆಟಗಳಿಗೆ ಕೊಟ್ಟ ದುಡ್ಡನ್ನು ವಾಪಸ್ ಕೊಟ್ಟಿತು. ಅದನ್ನು ಮೆಚ್ಚಲೇಬೇಕು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಇದೆ. ಡಿಜಿಟಲ್ ವಸ್ತು ಮಾರುವವರು 'ಕೊಳ್ಳಿ' ಅನ್ನುವ ಮಾತು ಬಳಸಬೇಕಾದರೆ, ನಿಮಗೆ ಸಿಗುವುದು ಲೈಸೆನ್ಸ್ ಅಷ್ಟೇ ಅಂತ ಸ್ಪಷ್ಟವಾಗಿ ತಿಳಿಸಬೇಕು. ಡೌನ್‌ಲೋಡ್ ಮಾಡಿಕೊಂಡು ಇಂಟರ್ನೆಟ್ ಇಲ್ಲದೆಯೂ ಶಾಶ್ವತವಾಗಿ ಬಳಸಬಹುದಾದ ವಸ್ತುವಿಗೆ ಈ ನಿಯಮ ಇಲ್ಲ. ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ದುಡ್ಡು ಕೊಡುವ ಪುಟದಲ್ಲಿ ಈಗ ಅಂಥ ಒಂದು ಸಾಲು ಕಾಣುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ.

ಹಾಗಾಗಿ ಪೂರ್ತಿ ಬೆಲೆ ಕೊಡುವ ಮೊದಲು ನಾನು ನೋಡುವುದು, ಇಂಟರ್ನೆಟ್ ಕಿತ್ತುಹಾಕಿದರೆ ಇದು ಓಡುತ್ತದಾ ಅಂತ. ಓಡುವುದಾದರೆ, ಅದರ ಪ್ರತಿ ಬೇರೆ ಡ್ರೈವ್‌ನಲ್ಲಿ ಇಟ್ಟುಕೊಳ್ಳಬಹುದಾ ಅಂತ. ಗಾಗ್ ಅನ್ನುವ ಅಂಗಡಿ ಇದಕ್ಕೆ ಒಳ್ಳೇದು, ಇನ್‌ಸ್ಟಾಲ್ ಫೈಲನ್ನೇ ಕೈಗೆ ಕೊಡುತ್ತದೆ. ಕಂಪನಿ ಇರಲಿ ಬಿಡಲಿ, ಫೈಲ್ ಇದ್ದರೆ ಆಟ ಇರುತ್ತದೆ. ಡಿಸ್ಕ್, ಕಾರ್ಡ್ ಇದ್ದರೆ ನಿಶ್ಚಿಂತೆ ಅಂತ ತಿಳಿಯಬೇಡಿ. ನಿಂಟೆಂಡೋ ಸ್ವಿಚ್ 2 ಅನ್ನುವ ಗೇಮ್ ಯಂತ್ರದ ಗೇಮ್ ಕೀ ಕಾರ್ಡ್‌ನ ಒಳಗೆ ಆಟವೇ ಇರಲ್ಲ, ಡೌನ್‌ಲೋಡ್ ಮಾಡಿಕೊಳ್ಳಬೇಕು. ಆದರೆ ಆ ಕಾರ್ಡನ್ನು ಬೇರೆಯವರಿಗೆ ಕೊಡಬಹುದು, ಮಾರಬಹುದು. ಅಷ್ಟಾದರೂ ಇದೆ.

ಇದರ ಹಿಂದೆ ಇನ್ನೂ ಒಂದು ಚಿಂತೆ ನನಗಿದೆ. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಈಗ ಅಂಗಡಿಯಲ್ಲಿ ಸಿಗುವುದಿಲ್ಲ ಅಂತ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತು. ಅವುಗಳಲ್ಲಿ ಎಷ್ಟೋ ಆಟಗಳನ್ನು ಇವತ್ತು ಆಡಲು ಆಗುತ್ತಿದೆ ಅಂದರೆ ಯಾರೋ ಕೊಂಡು, ಮನೆಯಲ್ಲಿ ಇಟ್ಟುಕೊಂಡಿದ್ದರು ಅನ್ನುವ ಕಾರಣಕ್ಕೆ. ಎಲ್ಲರೂ ದಿನದ ಪಾಸ್‌ನಲ್ಲೇ ಆಡಿದ್ದರೆ ಇಟ್ಟುಕೊಳ್ಳಲು ಏನೂ ಇರುತ್ತಿರಲಿಲ್ಲ.

ಹಾಗಾದರೆ ನಾನು ಏನು ಮಾಡುತ್ತೇನೆ? ಹೊಸ ಆಟ ಹಿಡಿಸುತ್ತದೋ ಇಲ್ಲವೋ ಗೊತ್ತಿಲ್ಲದಾಗ ಬಾಡಿಗೆಗೆ ತಗೊಳ್ಳುತ್ತೇನೆ. ಸ್ಟೀಮ್‌ನಲ್ಲಾದರೆ ಅದೂ ಬೇಕಿಲ್ಲ. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಮ್ಮಿ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನೆಂಟರ ಮಕ್ಕಳು ಬಂದಾಗ ಒಂದು ಸಂಜೆ ಕೂಗಾಡಿಕೊಂಡು ಆಡುವ ರೇಸಿಂಗ್ ಆಟ, ನೇರ ಗೆರೆಯಲ್ಲಿ ಓಡಿ ಎಂಟು ಗಂಟೆಯಲ್ಲಿ ಮುಗಿಯುವ ಕಥೆ, ಇವಕ್ಕೆಲ್ಲ ದಿನದ ದುಡ್ಡು ಸಾಕು. ನಿಧಾನ ಬೇಕಾದ ಆಟವನ್ನೂ ವರ್ಷಗಟ್ಟಲೆ ಜೊತೆಗಿರುವ ಆಟವನ್ನೂ ಕೊಳ್ಳುತ್ತೇನೆ. ಸ್ಟಾರ್‌ಡ್ಯೂ ವ್ಯಾಲಿ ಅಂಥದ್ದು. ಎರಿಕ್ ಬರೋನ್ ಒಬ್ಬರೇ ಕೂತು ಮಾಡಿದ ಬೇಸಾಯದ ಆಟ. 2016ರಲ್ಲಿ ಕೊಂಡವರಿಗೆ 2024ರ ಮಾರ್ಚ್‌ನಲ್ಲೂ ದೊಡ್ಡ ಅಪ್‌ಡೇಟ್ ಬಂತು, ಒಂದು ಪೈಸೆ ಜಾಸ್ತಿ ಇಲ್ಲದೆ. ಅದರಲ್ಲಿ ಒಂದು ದಿನ ಕಳೆಯಲು ಹೆಚ್ಚೂಕಮ್ಮಿ 14 ನಿಮಿಷ ಸಾಕು. ಬೆಳೆಗೆ ನೀರು ಹಾಕಿ, ಹೊಳೆ ಹತ್ತಿರ ಹೋಗಿ ಒಂದೆರಡು ಮೀನು ಹಿಡಿದು ಮುಚ್ಚಿಡಬಹುದು. ಹದಿನಾಲ್ಕು ನಿಮಿಷಕ್ಕೆ ಯಾರು ಒಂದು ದಿನದ ಬಾಡಿಗೆ ಕೊಡುತ್ತಾರೆ?

ತಿಂಗಳ ಚಂದಾ ಹೇಗೆ ಅಂತ ಕೊನೆಗೆ ಕೇಳೇ ಕೇಳುತ್ತಾರೆ. ಜಾಸ್ತಿ ಆಡುವವರಿಗೆ ದಿನದ ಪಾಸ್‌ಗಿಂತ ಅದು ವಾಸಿ. ಆದರೆ ಬೆಲೆ ನಿಮ್ಮ ಕೈಯಲ್ಲಿ ಇರಲ್ಲ. ಮೈಕ್ರೋಸಾಫ್ಟ್‌ನ ಆಟಗಳ ಚಂದಾ ಸೇವೆ ಎಕ್ಸ್‌ಬಾಕ್ಸ್ ಗೇಮ್ ಪಾಸ್‌ನ ಅಲ್ಟಿಮೇಟ್ ಚಂದಾ 2025ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ತಿಂಗಳಿಗೆ 19.99 ಡಾಲರ್‌ನಿಂದ ಒಂದೇ ಸಲಕ್ಕೆ 29.99ಕ್ಕೆ ಏರಿತು. ಆಟಗಳೂ ಬರುತ್ತವೆ, ಹೋಗುತ್ತವೆ. ಚಂದಾ ಇದ್ದರೆ, ಸದ್ಯದಲ್ಲೇ ಹೋಗಲಿರುವ ಆಟಗಳ ಪಟ್ಟಿಯನ್ನು ಆಗಾಗ ನೋಡುತ್ತಿರಿ. ನೀವು ಅರ್ಧ ಆಡಿ ಇಷ್ಟಪಟ್ಟ ಆಟ ಅದರಲ್ಲಿದ್ದರೆ, ಹೋಗುವ ಮೊದಲೇ ಸದಸ್ಯರ ರಿಯಾಯಿತಿಯಲ್ಲಿ ಕೊಂಡುಬಿಡಿ. ಸೇವ್, ಅಂದರೆ ಎಲ್ಲಿವರೆಗೆ ಆಡಿದ್ದೀರಿ ಅನ್ನುವ ದಾಖಲೆ, ನಿಮ್ಮ ಖಾತೆಯಲ್ಲೇ ಉಳಿದಿರುತ್ತದೆ, ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು.