ಅಗ್ಗದ ಮಿನಿ ಪಿಸಿ, ಅಗ್ಗದ ಆಂಪ್, ಮಧ್ಯೆ ಒಂದು ಕೀಂಯ್ ಸದ್ದು

ಕೋಣೆಗೊಂದು ಸಣ್ಣ ಕಂಪ್ಯೂಟರ್, ಅದಕ್ಕೊಂದು ಸ್ಟೀರಿಯೊ. ಒಟ್ಟು ಖರ್ಚು 12,000 ರೂಪಾಯಿ ದಾಟಬಾರದು. ಈ ಪ್ರಾಜೆಕ್ಟ್‌ಗೆ ಇದೊಂದೇ ಷರತ್ತು. ಇಲ್ಲಿಯವರೆಗೆ ಏನೇನಾಯಿತು ಅಂತ ಬರೆದಿಡುತ್ತಿದ್ದೇನೆ.

ಕಂಪ್ಯೂಟರ್

ಆ ದುಡ್ಡಿಗೆ ಹೊಸ ಪಿಸಿ ಸಿಗುವ ಮಾತೇ ಇಲ್ಲ. ಆದರೆ ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಇದು ಒಳ್ಳೆ ಕಾಲ. ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ 6ನೇ ತಲೆಮಾರಿನ ಚಿಪ್ಪುಗಳನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಹಾಗಾಗಿ ಆಫೀಸುಗಳು ಕೈಬಿಟ್ಟ ಪುಟ್ಟ ಪಿಸಿಗಳು ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಒಂದರ ಮೇಲೊಂದು ಪೇರಿಸಿ ಕೂತಿವೆ. ವಿಂಡೋಸ್ ಬದಲು ಉಚಿತ ಲಿನಕ್ಸ್ ಹಾಕಿಕೊಳ್ಳುವವರಿಗೆ ಇದಕ್ಕಿಂತ ಇನ್ನೇನು ಬೇಕು?

ನಾನು ತಂದಿದ್ದು ಐ5-6500ಟಿ ಇರುವ ಪೆಟ್ಟಿಗೆ. ನಾಲ್ಕು ಕೋರ್, 35 ವಾಟ್‌ನ ಚಿಪ್ಪು, 8 ಜಿಬಿ ರ‍್ಯಾಮ್. ಚೌಕಾಸಿ ಮಾಡಿ 8,500ಕ್ಕೆ ಬಂತು. ಹೀಟ್‌ಸಿಂಕ್ ಬಿಚ್ಚಿ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಬೋರ್ಡಿನ ಸಿಆರ್2032 ಬ್ಯಾಟರಿ ಬದಲಾಯಿಸಿದೆ. ಅಷ್ಟೇ ರಿಪೇರಿ. ಇನ್ನೊಂದು ರ‍್ಯಾಮ್ ಹಾಕೋಣ ಅಂದ್ರೆ ಈಗಿನ ಬೆಲೆ ಕೇಳುವುದೇ ಬೇಡ. ಇದ್ದಷ್ಟರಲ್ಲೇ ಸಾಕು.

ಸ್ಪೀಕರ್

ಇದಕ್ಕೆ ದುಡ್ಡು ಕೊಟ್ಟಿಲ್ಲ. ನೆಂಟರ ಮನೆಯ ಅಟ್ಟದಲ್ಲಿ ಹಳೆ ಸ್ಟೀರಿಯೊ ಒಂದರ ಜೋಡಿ ಸ್ಪೀಕರ್ ಧೂಳು ತಿನ್ನುತ್ತಿತ್ತು. ಹಿಂದೆ 6 ಓಮ್ ಅಂತ ಚೀಟಿ. ಮರದ ಪೆಟ್ಟಿಗೆ ಗಟ್ಟಿಮುಟ್ಟಾಗಿದೆ, ಟ್ವೀಟರ್ (ತಾರಸ್ವರದ ಸಣ್ಣ ಸ್ಪೀಕರ್) ಸರಿ ಇದೆ. ಆದರೆ ವೂಫರ್ (ತಗ್ಗಿನ ಸ್ವರದ ದೊಡ್ಡ ಸ್ಪೀಕರ್) ಸುತ್ತಲಿನ ಫೋಮ್ ಬಳೆ ಬೆರಳು ತಾಗಿಸಿದರೆ ಅಂಟಂಟಾಗಿ ಉದುರುತ್ತಿತ್ತು. ಫೋಮ್ ಅಂದಮೇಲೆ ವಯಸ್ಸಾದರೆ ಹೀಗೇ.

ಹೊಸ ರಬ್ಬರ್ ಬಳೆ ಜೋಡಿಗೆ 400 ರೂಪಾಯಿ. ಹಳೆ ಅಂಟನ್ನು ಕೆರೆದು ತೆಗೆಯುವುದರಲ್ಲೇ ಅರ್ಧ ಕೆಲಸ. ನಾಜೂಕಿನ ಕೆಲಸ ಇರುವುದು ಕೋನ್ ನಡುಮಧ್ಯಕ್ಕೆ ಕೂರಿಸುವುದರಲ್ಲಿ. ಮೊದಲು ಬಳೆಯನ್ನು ಕೋನ್‌ಗೆ ಅಂಟಿಸಿ ಒಣಗಲು ಬಿಡಬೇಕು. ಆಮೇಲೆ ಹೊರ ಅಂಚಿಗೆ ಅಂಟು ಹಚ್ಚಿ, ಅದು ಹಸಿ ಇರುವಾಗಲೇ ಕೋನನ್ನು ಬೆರಳುಗಳಿಂದ ಮೆಲ್ಲಗೆ ಒಳಗೆ ಹೊರಗೆ ಆಡಿಸಬೇಕು. ಒಳಗೆ ಕಾಯಿಲ್ ಎಲ್ಲಾದರೂ ತಾಗಿದರೆ 'ಕರಕರ' ಅನ್ನುತ್ತದೆ. ಆಗ ಕೂದಲೆಳೆಯಷ್ಟು ಸರಿಸಿ ಮತ್ತೆ ಆಡಿಸಿ ನೋಡಬೇಕು. ಸದ್ದಿಲ್ಲದೆ ಆಡಿದರೆ ಗೆದ್ದ ಹಾಗೆ.

ಆಂಪ್

ಸ್ಪೀಕರ್ ಓಡಿಸುವಷ್ಟು ಸಿಗ್ನಲನ್ನು ಹಿಗ್ಗಿಸುವ ಆಂಪ್ಲಿಫೈಯರ್. ಟಿಪಿಎ3116 ಚಿಪ್ಪಿನ ಬೋರ್ಡ್, 600 ರೂಪಾಯಿ. ಕ್ಲಾಸ್ ಡಿ, ಅಂದರೆ ಕರೆಂಟ್ ಹೆಚ್ಚು ಪೋಲು ಮಾಡದ ಬಗೆ. ಕರೆಂಟಿಗೆ, ಕೆಟ್ಟುಹೋದ ಹಳೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್. ಅಂಗಡಿಯವರು 'ನೂರು ನೂರು ವಾಟ್ ಬರುತ್ತೆ ಸರ್' ಅಂದರು. ನಕ್ಕು ಸುಮ್ಮನಾದೆ. 19 ವೋಲ್ಟಿಗೆ, 6 ಓಮ್ ಸ್ಪೀಕರಿನಲ್ಲಿ ಸದ್ದು ಒಡೆಯದಂತೆ 30 ವಾಟ್‌ಗಿಂತ ಜಾಸ್ತಿ ಲೆಕ್ಕದಲ್ಲೇ ಬರುವುದಿಲ್ಲ. 19ರ ವರ್ಗವನ್ನು 12ರಿಂದ (6 ಓಮ್‌ನ ಎರಡರಷ್ಟು) ಭಾಗಿಸಿ ನೋಡಿ. ನನ್ನ ಕೋಣೆಗೆ ಅದರಲ್ಲಿ ಕಾಲುಭಾಗವೂ ಬೇಡ, ಆ ಮಾತು ಬೇರೆ.

ಆ ಸದ್ದು

ಪಿಸಿಯ ಹೆಡ್‌ಫೋನ್ ತೂತಿನಿಂದ ಆಂಪ್‌ಗೆ ವೈರ್ ಎಳೆದೆ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದೆ. ವೀಣೆಗೆ ಮುಂಚೆ ಕೇಳಿಸಿದ್ದು 'ಕೀಂಯ್' ಅನ್ನುವ ಸಣ್ಣ ರಾಗ. ಮೌಸ್ ಅಲ್ಲಾಡಿಸಿದರೆ ಅದರ ಧಾಟಿ ಬದಲಾಗುತ್ತದೆ. ಪುಟ ಸ್ಕ್ರಾಲ್ ಮಾಡಿದರೆ 'ಜರ್ರ್' ಅನ್ನುತ್ತದೆ. ಜೋರು ಹಾಡಿನಲ್ಲಿ ಗೊತ್ತೇ ಆಗುವುದಿಲ್ಲ. ಆಲಾಪನೆಯಲ್ಲಿ ಒಂದು ಮೀಟಿಗೂ ಇನ್ನೊಂದು ಮೀಟಿಗೂ ನಡುವೆ ಜಾಗ ಇರುತ್ತಲ್ಲ, ಅಲ್ಲೆಲ್ಲ ಇದು ನುಗ್ಗುತ್ತದೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ: 'ಒಳ್ಳೆ ಡ್ಯಾಕ್ ತಗೋ.' ಡ್ಯಾಕ್ ಅಂದರೆ ಡಿಜಿಟಲ್ ಹಾಡನ್ನು ಆಂಪಿಗೆ ಬೇಕಾದ ವಿದ್ಯುತ್ ಅಲೆಯಾಗಿಸುವ ಸಾಧನ. ಗೆಳೆಯನೊಬ್ಬನಿಂದ ಯುಎಸ್‌ಬಿ ಡ್ಯಾಕ್ ಎರವಲು ತಂದು ಹಾಕಿದೆ. ನನ್ನ ಇಡೀ ಬಜೆಟ್‌ಗಿಂತ ದುಬಾರಿ ಮಾಲು. ಸದ್ದು ಹಾಗೇ ಇತ್ತು! ಅಂದಮೇಲೆ ರೋಗ ಡ್ಯಾಕ್‌ನದ್ದಲ್ಲ ಅಂತಾಯ್ತಲ್ವಾ?

ಆಮೇಲೆ ಪಿಸಿ ಬಿಡಿಸಿ, ಅದೇ ವೈರಿಗೆ ಬ್ಯಾಟರಿ ಮೇಲೆ ಓಡುತ್ತಿದ್ದ ಲ್ಯಾಪ್‌ಟಾಪ್ ಸಿಕ್ಕಿಸಿದೆ. ಪೂರ್ತಿ ನಿಶ್ಶಬ್ದ. ಅದರ ಮೂರು ಪಿನ್ನಿನ ಚಾರ್ಜರ್ ಚುಚ್ಚಿದೆ. 'ಕೀಂಯ್' ವಾಪಸ್. ಕಳ್ಳ ಸಿಕ್ಕಿಬಿದ್ದ.

ಪಿಸಿಯದ್ದು, ಆಂಪಿನದ್ದು, ಎರಡೂ ಅಡಾಪ್ಟರ್‌ಗಳನ್ನು ಗೋಡೆಯಿಂದ ಕಿತ್ತು ಮಲ್ಟಿಮೀಟರ್ ಹಿಡಿದೆ. ಒಂದು ಕಡ್ಡಿ ಅರ್ಥ್ ಪಿನ್ನಿಗೆ, ಇನ್ನೊಂದು ಡಿಸಿ ತುದಿಯ ಹೊರಬಳೆಗೆ. ಎರಡರಲ್ಲೂ 'ಬೀಪ್'. ಅಂದರೆ ಪಿಸಿಯ ಗ್ರೌಂಡ್ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ತಂತಿ) ಮತ್ತು ಆಂಪಿನ ಗ್ರೌಂಡ್ ಎರಡೂ ಗೋಡೆಯ ಅರ್ಥ್ ಮೂಲಕ ಮೊದಲೇ ಜೋಡಿಯಾಗಿವೆ. ಆಡಿಯೊ ವೈರಿನ ಹೊರಪದರ ಎರಡನ್ನೂ ಇನ್ನೊಂದು ಸಲ ಜೋಡಿಸುತ್ತದೆ. ಹೀಗೆ ಒಂದು ಸುತ್ತು ಪೂರ್ತಿಯಾಯಿತು. ಪಿಸಿಯ ಒಳಗಿನ ಗಲಾಟೆಯೆಲ್ಲ ಆ ಸುತ್ತಿನಲ್ಲಿ ಹರಿದು, ಆಂಪಿಗೆ ಹಾಡಿನ ಭಾಗವಾಗಿಯೇ ಕಾಣುತ್ತದೆ. ಗ್ರೌಂಡ್ ಲೂಪ್ ಅನ್ನುವುದು ಇದಕ್ಕೇ.

ಅರ್ಥ್ ಪಿನ್ ಮುರಿದುಬಿಡು ಅಂತ ಸಲಹೆ ಕೊಡುವವರಿದ್ದಾರೆ. ಸದ್ದೇನೋ ಹೋಗುತ್ತದೆ. ನಾಳೆ ಅಡಾಪ್ಟರ್ ಒಳಗೆ ಏನಾದರೂ ಶಾರ್ಟ್ ಆದರೆ ಪಿಸಿಯ ತಗಡು ಮುಟ್ಟಿದವರ ಗತಿ? ದಯವಿಟ್ಟು ಬೇಡ. ಇನ್ನೊಂದು ದಾರಿ, ವೈರಿನ ಮಧ್ಯೆ ಹಾಕುವ ಪುಟ್ಟ ಟ್ರಾನ್ಸ್‌ಫಾರ್ಮರ್ ಡಬ್ಬಿ. 250 ರೂಪಾಯಿಯದು ಹಾಕಿ ನೋಡಿದೆ. 'ಕೀಂಯ್' ಮಾಯ, ಜೊತೆಗೆ ಮೃದಂಗದ ಎಡಗಡೆಯ ಗುಂಕಿಯೂ ಮಾಯ. ಅಗ್ಗದ ಡಬ್ಬಿಯ ಸಣ್ಣ ಕೋರ್ ತಗ್ಗಿನ ಸ್ವರಗಳನ್ನು ಹೊರಲಾರದು.

ಈಗಿನ ಜೋಡಣೆ

ಕೊನೆಗೆ ಪಿಸಿಗೂ ಆಂಪಿಗೂ ಇದ್ದ ವೈರನ್ನೇ ತೆಗೆದುಹಾಕಿದೆ. ಡ್ರಾಯರ್‌ನಲ್ಲಿ ಬಿದ್ದಿದ್ದ ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 3 ಈಗ ಆಂಪಿನ ಪಕ್ಕ ಕೂತಿದೆ. ಹಾಡುಗಳ ಫೈಲುಗಳು ಪಿಸಿಯಲ್ಲಿವೆ, ಪೈ ಅವನ್ನು ವೈಫೈ ಮೇಲೆ ಎಳೆದುಕೊಳ್ಳುತ್ತದೆ. ಅದಕ್ಕೆ ಕರೆಂಟು ಎರಡು ಪಿನ್ನಿನ ಚಾರ್ಜರ್‌ನಿಂದ. ಅರ್ಥ್ ಇಲ್ಲ, ಸುತ್ತೂ ಇಲ್ಲ.

ಪೈಯ ಸ್ವಂತ ಹೆಡ್‌ಫೋನ್ ತೂತು ಪಿಡಬ್ಲ್ಯೂಎಂ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಸದ್ದು ಹುಟ್ಟಿಸುವ ವಿಧಾನ) ಮೇಲೆ ನಡೆಯುವಂಥದ್ದು, ಅದರ ಸುಸ್ ನನಗೆ ಆಗಿಬರುವುದಿಲ್ಲ. ಅದಕ್ಕೇ 350 ರೂಪಾಯಿಯ ಪಿಸಿಎಂ5102ಎ ಡ್ಯಾಕ್ ಬೋರ್ಡ್ ತಂದೆ. ಜೋಡಿಸುವುದು ಸುಲಭ. ಬೋರ್ಡಿನ ಬಿಸಿಕೆ ಪೈಯ 12ನೇ ಪಿನ್ನಿಗೆ, ಎಲ್ಆರ್‌ಸಿಕೆ 35ಕ್ಕೆ, ಡಿಐಎನ್ 40ಕ್ಕೆ, ಉಳಿದದ್ದು 5 ವೋಲ್ಟ್ ಮತ್ತು ಗ್ರೌಂಡ್. ಎಸ್‌ಸಿಕೆ ಅನ್ನುವುದನ್ನು ಮಾತ್ರ ಗ್ರೌಂಡಿಗೆ ಸೇರಿಸಬೇಕು, ಆಗ ಚಿಪ್ಪು ಬೇಕಾದ ಕ್ಲಾಕನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬೋರ್ಡಿನ ಹಿಂದೆ ನಾಲ್ಕು ಬೆಸುಗೆ ಜಾಗಗಳಿವೆ. ಅದರಲ್ಲಿ ಎಕ್ಸ್‌ಎಸ್‌ಎಂಟಿ ಅನ್ನುವುದು ಹೈ (ಮೇಲಿನ ವೋಲ್ಟೇಜ್) ಕಡೆಗೆ ಸೇರಿರದಿದ್ದರೆ ಡ್ಯಾಕ್ ಬಾಯಿಯೇ ಬಿಡುವುದಿಲ್ಲ. ಕೆಲವು ಬೋರ್ಡ್‌ಗಳು ಇದನ್ನು ಬೆಸೆದೇ ಬರುತ್ತವೆ, ಕೆಲವು ಇಲ್ಲ. ಕರೆಂಟು ಕೊಡುವ ಮುಂಚೆ ಭೂತಕನ್ನಡಿಯಲ್ಲಿ ಒಮ್ಮೆ ನೋಡಿಬಿಡಿ. ಪೈಯಲ್ಲಿ ಹಾಡು ನುಡಿಸುವ ಸಾಫ್ಟ್‌ವೇರ್ ಮೂಡ್ ಆಡಿಯೊ, ಉಚಿತ. ಅದರ ಪಟ್ಟಿಯಲ್ಲಿ ಹೈಫೈಬೆರಿ ಡ್ಯಾಕ್ ಅಂತ ಆರಿಸಿದರೆ ಈ ಬೋರ್ಡ್ ನಡೆಯುತ್ತದೆ.

ಈಗ ವೀಣೆಯ ಒಂದು ಮೀಟು ಪೂರ್ತಿ ಕರಗುವವರೆಗೂ ಕೇಳುತ್ತದೆ.

ಉಳಿದಿರುವುದು ಟ್ವೀಟರ್‌ಗೆ ಕಿವಿ ಒತ್ತಿ ಹಿಡಿದರೆ ಕೇಳುವ ಸಣ್ಣ 'ಸುಸ್'. ಇದು ಗ್ರೌಂಡಿನದ್ದಲ್ಲ, ಗೇನಿನದ್ದು, ಅಂದರೆ ಆಂಪ್ ಸಿಗ್ನಲನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವುದರದ್ದು. ಈ ಆಂಪ್ ಚಿಪ್ಪಿಗೆ 20, 26, 32, 36 ಡೆಸಿಬೆಲ್ ಹೀಗೆ ನಾಲ್ಕು ಗೇನ್‌ಗಳಿವೆ. ಯಾವುದು ಅನ್ನುವುದನ್ನು ಬೋರ್ಡಿನ ಮೇಲಿನ ಎರಡು ರೆಸಿಸ್ಟರ್ ತೀರ್ಮಾನಿಸುತ್ತವೆ. ಅಗ್ಗದ ಬೋರ್ಡ್ ಮಾಡುವವರು ಜೋರಾಗಿ ಕೇಳಲಿ ಅಂತ ಜಾಸ್ತಿ ಗೇನ್ ಇಟ್ಟಿರುತ್ತಾರೆ. ನನಗೆ 20 ಸಾಕು. ರೆಸಿಸ್ಟರ್‌ಗಳು ಎಳ್ಳಿನಷ್ಟಿವೆ, ನನ್ನ ಸೋಲ್ಡರಿಂಗ್ ಕಡ್ಡಿಯ ಮೂತಿ ದಪ್ಪ. ತೆಳುವಾದ ಟಿಪ್ ತಂದ ಮೇಲೆ ಅದಕ್ಕೆ ಕೈ ಹಾಕುತ್ತೇನೆ.