ಪುಡಿಯ ಬಣ್ಣ ನೋಡದೆ ಹಾಕಿದ ಟಿವಿ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. "ನೀವು ಹಾಕಿಕೊಟ್ಟ ಟಿವಿ ಯಾಕೋ ಮುಂದಕ್ಕೆ ಬಾಗಿದೆ, ಒಂದ್ಸಲ ಬಂದು ನೋಡ್ತೀರಾ?" ಅಂದರು ಆ ಮನೆಯ ಮೇಡಂ. ದನಿಯಲ್ಲಿ ಸಿಟ್ಟೇ ಇರಲಿಲ್ಲ. ನನಗೆ ಅದೇ ಜಾಸ್ತಿ ಭಯವಾಯಿತು.

ಆರು ವಾರದ ಹಿಂದೆ ಹಾಕಿದ್ದ 55 ಇಂಚಿನ ಟಿವಿ ಅದು. ಎಳೆದು ಬೇಕಾದ ಕಡೆ ತಿರುಗಿಸುವ ಉದ್ದ ತೋಳಿನ ಬ್ರಾಕೆಟ್. ಆ ದಿನ ರಸಮಟ್ಟ ಇಟ್ಟಾಗ ಗುಳ್ಳೆ ನಟ್ಟನಡುವೆ ನಿಂತಿತ್ತು. ಖುಷಿಯಾಗಿ ಫೋಟೋ ಬೇರೆ ತೆಗೆದುಕೊಂಡಿದ್ದೆ.

ಹೋಗಿ ನೋಡಿದೆ. ಬಿದ್ದಿರಲಿಲ್ಲ, ಅಷ್ಟು ಪುಣ್ಯ. ಆದರೆ ಗೋಡೆಗೆ ಕೂರಿಸಿದ ತಟ್ಟೆಯ ಮೇಲಿನ ಅಂಚು ಅರ್ಧ ಬೆರಳಿನಷ್ಟು ಈಚೆ ಬಂದಿತ್ತು. ಕೆಳಗಿನ ಕಪಾಟಿನ ಮೇಲೆ ಹಿಟ್ಟಿನ ಹಾಗೆ ನುಣ್ಣಗಿನ ಬಿಳಿ ಪುಡಿ. "ಒಂದು ವಾರದಿಂದ ಒರೆಸ್ತಾನೇ ಇದ್ದೀನಿ, ಎಲ್ಲಿಂದ ಉದುರುತ್ತೆ ಅಂತಾನೇ ಗೊತ್ತಾಗ್ಲಿಲ್ಲ" ಅಂದರು ಮೇಡಂ. ಇಬ್ಬರು ಹಿಡಿದು ಟಿವಿ ಇಳಿಸಿದೆವು. ಮೇಲಿನ ಎರಡು ಸ್ಕ್ರೂಗೆ ಸ್ಪ್ಯಾನರ್ ಹಾಕುವ ಕೆಲಸವೇ ಬೀಳಲಿಲ್ಲ. ಅಲ್ಲಾಡುವ ಹಾಲುಹಲ್ಲು ಬಂದ ಹಾಗೆ, ಸ್ಕ್ರೂ ಹಿಡಿಯಲು ತೂತಿಗೆ ತುರುಕುವ ನೈಲಾನ್ ಪ್ಲಗ್ ಸಮೇತ ಕೈಗೆ ಬಂದವು.

ತಪ್ಪು ಪೂರ್ತಿ ನನ್ನದೇ. ಅವತ್ತು ಅದು ಮೂರನೇ ಮನೆ. ಡ್ರಿಲ್ ಇಟ್ಟ ಕೂಡಲೇ ಬೂದು ಪುಡಿ ಬಂತು. ಕಾಂಕ್ರೀಟ್ ಅಂದುಕೊಂಡೆ. ಆಮೇಲೆ ಡ್ರಿಲ್ಲಿನ ಕೊರೆಯುವ ಬಿಟ್ ಹಸಿ ಮಣ್ಣಿಗೆ ಕಡ್ಡಿ ಚುಚ್ಚಿದ ಹಾಗೆ ಸರ್ರನೆ ಒಳಗೆ ಹೋಯಿತು. ಆಗಲೇ ಕೈ ನಿಲ್ಲಿಸಬೇಕಿತ್ತು. ನಾನೋ, ಬೇಗ ಮುಗೀತಲ್ಲ ಅಂತ ಸಂತೋಷಪಟ್ಟೆ.

ಮೊದಲು ಬರುವ ಬೂದು ಪುಡಿ ಗೋಡೆಯದ್ದಲ್ಲ, ಗಾರೆಯದ್ದು. ಸಿಮೆಂಟ್ ಗಾರೆ ಸಾಮಾನ್ಯವಾಗಿ 12ರಿಂದ 20 ಮಿಲಿಮೀಟರ್ ದಪ್ಪ ಇರುತ್ತದೆ. ಅದು ದಾಟಿದ ಮೇಲೆ ಏನು ಬರುತ್ತದೋ ಅದೇ ನಿಜವಾದ ಗೋಡೆ. ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ಬೂದು ಪುಡಿಯೇ ಮುಂದುವರಿದು, ಬಿಟ್ ಬಿಸಿಯಾಗಿ, ಕೈ ನೋಯುವಷ್ಟು ಒತ್ತಬೇಕಾದರೆ ಕಾಂಕ್ರೀಟ್. ಗಟ್ಟಿಯಾಗಿ ಹೋಗುತ್ತಿದ್ದ ಬಿಟ್ ಇದ್ದಕ್ಕಿದ್ದಂತೆ ದುಡುಮ್ಮನೆ ಒಳಗೆ ಜಾರಿದರೆ ಟೊಳ್ಳು ಬ್ಲಾಕ್. ಬಿಳಿ ಅಥವಾ ತಿಳಿ ಬೂದು ಬಣ್ಣದ ಮೆತ್ತನೆಯ ಪುಡಿ ಬಂದು, ಬಿಟ್ ತಾನಾಗಿ ಓಡಿದರೆ ಅದು ಎಎಸಿ ಬ್ಲಾಕ್. ಒಳಗೆಲ್ಲ ಗಾಳಿಗುಳ್ಳೆ ಇರುವ ಹಗುರ ಬ್ಲಾಕ್. ಈ ಮನೆಯಲ್ಲಿದ್ದದ್ದು ಅದೇ.

ಎಎಸಿ ಗೋಡೆ ಕೆಟ್ಟದ್ದೇನಲ್ಲ. ಹಗುರ, ಬಿಸಿಲಿನ ಶಾಖವನ್ನೂ ತಡೆಯುತ್ತದೆ. ಆದರೆ ಸಾಮಾನ್ಯ ನೈಲಾನ್ ಪ್ಲಗ್ ಇರುವುದು ಗಟ್ಟಿ ಗೋಡೆಗೆ. ಸ್ಕ್ರೂ ಬಿಗಿದಾಗ ಅದು ಉಬ್ಬಿ ತೂತಿನ ಗೋಡೆಯನ್ನು ಒತ್ತಿ ಹಿಡಿಯಬೇಕು. ಮೆತ್ತನೆಯ ಬ್ಲಾಕಿನಲ್ಲಿ ಒತ್ತಿದ ಜಾಗವೇ ಪುಡಿಯಾಗುತ್ತದೆ. ಅದರಲ್ಲೂ ನಾನು ಹ್ಯಾಮರ್ ಮೋಡ್ ಹಾಕಿಯೇ ಕೊರೆದಿದ್ದೆ. ಮೆತ್ತನೆಯ ಬ್ಲಾಕಿಗೂ ಟೊಳ್ಳು ಬ್ಲಾಕಿಗೂ ಕುಟ್ಟುವ ಮೋಡ್ ಬೇಡವೇ ಬೇಡ, ಸುಮ್ನೆ ತಿರುಗಿಸಿದರೆ ಸಾಕು. ಕುಟ್ಟಿದರೆ 10 ಮಿಲಿಮೀಟರ್ ಬಿಟ್ ಹಾಕಿದ ತೂತು 12 ಆಗುತ್ತದೆ.

ಎರಡನೇ ತಪ್ಪು ಆ ಉದ್ದ ತೋಳು. ಬ್ರಾಕೆಟ್ ಡಬ್ಬಿಯ ಮೇಲೆ ಇಷ್ಟು ಕಿಲೋ ತಡೆಯುತ್ತದೆ ಅಂತ ಬರೆದಿರುತ್ತಾರೆ. ಅದು ಕಬ್ಬಿಣದ ಲೆಕ್ಕ. ಗೋಡೆಯ ಲೆಕ್ಕ ಅಲ್ಲ. ತುಂಬಿದ ಬಕೆಟ್ಟನ್ನು ಮೈಗೆ ತಾಗಿಸಿ ಹಿಡಿಯಿರಿ, ಆಮೇಲೆ ಕೈ ಚಾಚಿ ಹಿಡಿಯಿರಿ. ಬಕೆಟ್ ಅದೇ, ಭುಜಕ್ಕೆ ಗೊತ್ತಾಗುವ ಭಾರ ಬೇರೆ, ಅಲ್ವಾ? 18 ಕಿಲೋ ಟಿವಿಯನ್ನು ಗೋಡೆಯಿಂದ 50 ಸೆಂಟಿಮೀಟರ್ ಎಳೆದರೆ, ಮೇಲಿನ ಮತ್ತು ಕೆಳಗಿನ ಸ್ಕ್ರೂಗಳ ನಡುವೆ 20 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. 18 ಗುಣಿಸು 50, ಭಾಗಿಸು 20. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಕೀಳುವ ಎಳೆತ ಸುಮಾರು 45 ಕಿಲೋ. ಅದೇ ಟಿವಿ ಗೋಡೆಗೆ ಅಂಟಿದ ಹಾಗೆ 4 ಸೆಂಟಿಮೀಟರ್ ದೂರದಲ್ಲಿದ್ದರೆ 4 ಕಿಲೋನೂ ಇಲ್ಲ. ಮೇಲಾಗಿ ತೋಳನ್ನು ದಿನಾ ಎಳೆಯುತ್ತಾರೆ, ತಳ್ಳುತ್ತಾರೆ. ಪ್ರತಿ ಸಲವೂ ಪ್ಲಗ್ ಒಂಚೂರು ಅಲ್ಲಾಡುತ್ತದೆ, ಒಂಚೂರು ಪುಡಿ ಉದುರುತ್ತದೆ. ಮೇಡಂ ಒರೆಸುತ್ತಿದ್ದದ್ದು ಅದನ್ನೇ.

ಪ್ಲಗ್ ವಿಷಯಕ್ಕೆ ಬಂದರೆ, ಗಟ್ಟಿ ಗೋಡೆಯಲ್ಲೂ ಎಡವುವವರಿದ್ದಾರೆ. 40 ಮಿಲಿಮೀಟರ್ ಪ್ಲಗ್ ಹಾಕಿದಿರಿ, ಗಾರೆ 20 ಇದೆ ಅಂದರೆ ಇಟ್ಟಿಗೆಯಲ್ಲಿ ಕೂತಿದ್ದು ಬರೀ 20. ಗಾರೆಗೆ ಹಿಡಿತ ಇಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಾಗಾಗಿ ಉದ್ದ ಪ್ಲಗ್ಗು, ಉದ್ದ ಸ್ಕ್ರೂ. ತೂತನ್ನು ಪ್ಲಗ್ಗಿಗಿಂತ ಒಂದು ಸೆಂಟಿಮೀಟರ್ ಆಳ ಮಾಡಿ, ಒಳಗಿನ ಪುಡಿಯನ್ನು ಪೂರ್ತಿ ತೆಗೆಯಿರಿ. ಬಾಯಲ್ಲಿ ಊದಿದರೆ ಅದು ನೇರ ಕಣ್ಣಿಗೇ ಬರುತ್ತದೆ, ನಾನು ಒಂದು ಪುಟ್ಟ ಗಾಳಿ ಪಂಪ್ ಇಟ್ಟುಕೊಂಡಿದ್ದೇನೆ. ಇನ್ನು ಬೆಂಕಿಕಡ್ಡಿ. ತೂತು ಲೂಸಾದರೆ ಎರಡು ಕಡ್ಡಿ ತುರುಕಿ ಪ್ಲಗ್ ಬಡಿಯುವ ಚಟ ನಮ್ಮ ಕಸುಬಿನಲ್ಲಿ ಎಲ್ಲರಿಗೂ ಇದೆ. ನನಗೂ ಇತ್ತು. ಕ್ಯಾಲೆಂಡರ್ ನೇತುಹಾಕಲು ಅದು ಸರಿ. ಟಿವಿಗೆ ಜಾಗ ಬದಲಿಸಿ ಹೊಸ ತೂತು ಹಾಕುವುದೊಂದೇ ದಾರಿ.

ಜಿಪ್ಸಮ್ ಹಲಗೆಯ ಗೋಡೆಯಾದರೆ ಲೆಕ್ಕವೇ ಬೇರೆ. ಬೆರಳಲ್ಲಿ ತಟ್ಟಿದರೆ ಡಬ್ಬದ ಸದ್ದು ಬರುತ್ತದೆ. ಅಲ್ಲಿ ಹಲಗೆ ಭಾರ ಹೊರಬಾರದು, ಹಿಂದಿನ ಚೌಕಟ್ಟೇ ಹೊರಬೇಕು. ಚೌಕಟ್ಟಿನ ಕಂಬಗಳು ಸಾಮಾನ್ಯವಾಗಿ 40 ಅಥವಾ 60 ಸೆಂಟಿಮೀಟರಿಗೆ ಒಂದರಂತೆ ಇರುತ್ತವೆ. ಹುಡುಕಲು ಒಂದು ಚಿಕ್ಕ ಅಯಸ್ಕಾಂತ ಸಾಕು. ಗೋಡೆಯ ಮೇಲೆ ನಿಧಾನ ಜಾರಿಸುತ್ತಾ ಹೋದರೆ ಹಲಗೆ ಬಿಗಿದ ಸ್ಕ್ರೂ ಇರುವಲ್ಲಿ ಟಕ್ ಅಂತ ಅಂಟಿಕೊಳ್ಳುತ್ತದೆ. ಅದೇ ನೇರಕ್ಕೆ ಮೇಲೆ ಕೆಳಗೆ ಇನ್ನೂ ಎರಡು ಸಿಕ್ಕಿದರೆ ಕಂಬ ಸಿಕ್ಕಿದ ಹಾಗೆ.

ವೈರಿನ ವಿಷಯ ಎಲ್ಲರಿಗೂ ಗೊತ್ತು, ಆದರೂ ಯಾರೂ ನೋಡುವುದಿಲ್ಲ. ಗೋಡೆಯೊಳಗಿನ ಪೈಪು ಸಾಮಾನ್ಯವಾಗಿ ಸ್ವಿಚ್ ಬೋರ್ಡಿನಿಂದ ನೇರ ಮೇಲಕ್ಕೋ, ಕೆಳಕ್ಕೋ, ಅಡ್ಡಕ್ಕೋ ಹೋಗಿರುತ್ತದೆ. ಟಿವಿ ಪಾಯಿಂಟಿನ ನೇರ ಮೇಲೆ ತೂತು ಹಾಕುವುದೆಂದರೆ ಹಾವಿನ ಹುತ್ತಕ್ಕೆ ಕೈ ಹಾಕಿದ ಹಾಗೆ. ಆ ಪಟ್ಟಿ ಬಿಟ್ಟು ಪಕ್ಕಕ್ಕೆ ಸರಿಯಿರಿ, ವೈರ್ ಹುಡುಕುವ ಡಿಟೆಕ್ಟರ್ ಆಡಿಸಿ, ಬ್ಯಾಟರಿ ಡ್ರಿಲ್ ಇದ್ದರೆ ಎಂಸಿಬಿ (ಕರೆಂಟ್ ಕಡಿಯುವ ಸ್ವಿಚ್) ಇಳಿಸಿ ಕೊರೆಯಿರಿ. ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ನೀರಿನ ಪೈಪ್ ಎಲ್ಲಿದೆ ಅಂತಲೂ ಕೇಳಿ.

ಟಿವಿಯ ಬೆನ್ನಿನ ಸ್ಕ್ರೂಗಳಿಗೆ ಕೊಡಬೇಕಾದ ಗಮನವನ್ನು ಬಹಳ ಜನ ಕೊಡುವುದಿಲ್ಲ. ಅಲ್ಲಿನ ನಾಲ್ಕು ತೂತುಗಳ ಅಂತರಕ್ಕೆ ವೆಸಾ ಅಳತೆ ಅನ್ನುತ್ತಾರೆ. 200 ಗುಣಿಸು 200, 400 ಗುಣಿಸು 400, ಹೀಗೆ ಮಿಲಿಮೀಟರಿನಲ್ಲಿ. ಚಿಕ್ಕ ಟಿವಿಗೆ ಎಂ4 ಸ್ಕ್ರೂ, ದೊಡ್ಡದಕ್ಕೆ ಎಂ6 ಅಥವಾ ಎಂ8. ದಪ್ಪ ಹೊಂದಿದರೆ ಸಾಲದು, ಉದ್ದವೂ ಹೊಂದಬೇಕು. ಜಾಸ್ತಿ ಉದ್ದವಾದರೆ ಒಳಗಿನ ಬೋರ್ಡಿಗೋ ಪ್ಯಾನೆಲ್ಲಿಗೋ ಚುಚ್ಚುತ್ತದೆ. ಗಿಡ್ಡವಾದರೆ ಎರಡೇ ಮರೆಯಲ್ಲಿ, ಅಂದರೆ ಸ್ಕ್ರೂವಿನ ಎರಡೇ ಸುತ್ತಿನಲ್ಲಿ, ಇಡೀ ಟಿವಿ ನೇತಾಡುತ್ತದೆ. ನಾನು ಬೆಂಕಿಕಡ್ಡಿಯನ್ನು ತೂತಿಗೆ ಇಳಿಸಿ, ಅಂಚಿನಲ್ಲಿ ಉಗುರಿಂದ ಗುರುತು ಮಾಡಿ, ಅದನ್ನು ಸ್ಕ್ರೂ ಪಕ್ಕ ಹಿಡಿದು ನೋಡುತ್ತೇನೆ. ಬ್ರಾಕೆಟ್ ಪಟ್ಟಿಯ ದಪ್ಪವನ್ನೂ ಸೇರಿಸಿ. (ಕಡ್ಡಿಪೆಟ್ಟಿಗೆ ಈಗ ಇಷ್ಟಕ್ಕೇ ಉಳಿದಿದೆ ನನ್ನ ಚೀಲದಲ್ಲಿ.) ಸ್ಕ್ರೂ ಮೊದಲು ಕೈಯಲ್ಲೇ ತಿರುಗಿ ಒಳಗೆ ಹೋಗಬೇಕು. ಶುರುವಿನಲ್ಲೇ ಬಿಗಿಯಾದರೆ ಮರೆ ಅಡ್ಡ ಹತ್ತಿದೆ ಅಂತ ಅರ್ಥ.

ಎತ್ತರದ ಬಗ್ಗೆ ವಾದ ಮಾಡಿ ಸೋತಿದ್ದೇನೆ. ಸೋಫಾದಲ್ಲಿ ಕೂತವರ ಕಣ್ಣಿನ ಮಟ್ಟ ನೆಲದಿಂದ ಸುಮಾರು 100ರಿಂದ 110 ಸೆಂಟಿಮೀಟರ್. ಪರದೆಯ ನಡುಭಾಗ ಅಲ್ಲಿಗೆ ಬಂದರೆ ಕತ್ತು ನೋಯುವುದಿಲ್ಲ. ಜನ ದೇವರ ಪಟದಷ್ಟು ಮೇಲೆ ಹಾಕಿಸುತ್ತಾರೆ. ಈಗ ನಾನು ವಾದ ಬಿಟ್ಟು, ಟಿವಿ ಬಂದ ಡಬ್ಬಿಯ ರಟ್ಟನ್ನೇ ಗೋಡೆಗೆ ಅಂಟಿಸಿ "ಹತ್ತು ನಿಮಿಷ ಕೂತು ಇದನ್ನೇ ನೋಡಿ" ಅನ್ನುತ್ತೇನೆ. ಅರ್ಧ ಜನ ತಾವಾಗಿಯೇ ಕೆಳಗೆ ಇಳಿಸುತ್ತಾರೆ.

ಆ ಮನೆಗೆ ಮರುದಿನ ಮತ್ತೆ ಹೋದೆ. ಕೂಲಿಯ ಮಾತು ಎತ್ತಲಿಲ್ಲ. ಹಳೆಯ ತೂತುಗಳನ್ನು ಮುಚ್ಚಿ, ಅವುಗಳಿಂದ ದೂರ ಸರಿದು, ಎಎಸಿ ಬ್ಲಾಕಿಗೆ ಅಂತಲೇ ಬರುವ ಉದ್ದನೆಯ ರೆಕ್ಕೆ ಪ್ಲಗ್ ಹಾಕಿದೆ. ನಾಲ್ಕರ ಬದಲು ಆರು. ಹ್ಯಾಮರ್ ಮೋಡ್ ಇಲ್ಲ. ಬ್ರಾಕೆಟ್ ಕೂಡ ಬದಲಾಯಿತು. ಅಗಲ ತಟ್ಟೆಯ, ಗೋಡೆಗೆ ಅಂಟಿ ಕೂರುವ ಥರದ್ದು. ಟಿವಿ ಏರಿಸುವ ಮೊದಲು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೂ ನನ್ನ ಕಡೆಗೂ ಎಳೆದೆ. ಕಪಾಟಿನ ಮೇಲೆ ಕಪ್ಪು ಬಟ್ಟೆ ಹಾಸಿದ್ದೆ. ಒಂದು ಕಾಳು ಪುಡಿ ಬೀಳಲಿಲ್ಲ. ಆಮೇಲೆ ಇಬ್ಬರು ಎತ್ತಿ, ಮೇಲಿನ ಕೊಕ್ಕೆ ಕೂತ ಸದ್ದು ಎರಡೂ ಕಡೆ ಕೇಳಿದ ಮೇಲೆ, ಕೆಳಗಿನ ಲಾಕ್ ಸ್ಕ್ರೂ ಬಿಗಿದೆ.

ಉಳಿದದ್ದು ಆ ಮನೆಯ ಅಜ್ಜನ ಸಮಸ್ಯೆ. ಅವರು ಊಟದ ಮೇಜಿನಿಂದ ಟಿವಿ ನೋಡಲಿ ಅಂತಲೇ ತಿರುಗುವ ತೋಳು ತಂದಿದ್ದು. "ಈ ಗೋಡೆಗೆ ಅದು ಆಗಲ್ಲ ಅಜ್ಜಾ" ಅಂದೆ. ಆರು ವಾರದ ಹಿಂದೆ ಹೇಳಬೇಕಿದ್ದ ಮಾತು. ಅವರು ಎದ್ದು, ತಮ್ಮ ಕುರ್ಚಿಯನ್ನು ಮೇಜಿನ ಆ ಬದಿಯಿಂದ ಈ ಬದಿಗೆ ಎಳೆದುಕೊಂಡು, ಕೂತು, ಟಿವಿ ಕಡೆ ನೋಡಿದರು. ಚೆನ್ನಾಗಿಯೇ ಕಾಣುತ್ತಿತ್ತು.

"ಅಲ್ಲಪ್ಪಾ, ಇಷ್ಟೇನಾ?" ಅಂದರು.

ನಾನು ಕಪ್ಪು ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡೆ.